ಬೀಗದ ಕೈ ಯಾರ ಬಳಿ ಇದೆ?

2024ರ ಜೂನ್ ತಿಂಗಳ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಎಂಬ ಸರೋವರದ ದಾರಿಯಲ್ಲಿ ನಡೆದ ದುರಂತವನ್ನು ವಾಚಕರು ಮರೆತಿರಲಾರರು. ಬಹುಪಾಲು ಬೆಂಗಳೂರಿನವರೇ ಇದ್ದ, ಅಲ್ಲಿನ ಮಾರ್ಗದರ್ಶಿಗಳೂ ಸೇರಿ 22 ಮಂದಿಯ ಚಾರಣದ ತಂಡವೊಂದು ಜೂನ್ 3ರಂದು ಹದಿನಾಲ್ಕು ಸಾವಿರ ಅಡಿಗೂ ಮೇಲಿನ ಬಯಲಲ್ಲಿ ಹಿಮಗಾಳಿಗೆ ಸಿಕ್ಕಿಬಿತ್ತು. 9 ಮಂದಿ ಸತ್ತರು. 13 ಮಂದಿಯನ್ನು ಬದುಕಿಸಿ ಕೆಳಗೆ ತಂದರು. ನಮ್ಮ ರಾಜ್ಯದ ಕಂದಾಯ ಮಂತ್ರಿಗಳು ಡೆಹರಾಡೂನಿಗೆ ಹೋಗಿ ನಿಲ್ಲಬೇಕಾಯಿತು.

ಆ ವಾರ ನಮ್ಮ ಊರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದ ಒಬ್ಬರು, "ದುಡ್ಡಿದ್ದವರು ಬೆಟ್ಟ ಹತ್ತುತ್ತಾರೆ, ಸಾಯುತ್ತಾರೆ. ಗಿರಣಿಯವರಿಗೆ ಅದರಿಂದ ಏನಾಗಬೇಕು ಸ್ವಾಮಿ?" ಎಂದರು. ಆ ಮಾತು ನಮಗೆ ಹಿಡಿಸಲಿಲ್ಲ. ಸತ್ತವರಿಗೂ ಮನೆಮಠಗಳಿವೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಬೆಟ್ಟ ಕಾಡುಗಳಿಗೆ ಹೋಗುವವರಿಗಾಗಿ ಒಂದು ವಿದ್ಯೆಯುಂಟು. ವೈದ್ಯನಿಲ್ಲದ ಜಾಗದಲ್ಲಿ, ಔಷಧಿಯಿಲ್ಲದ ಹೊತ್ತಿನಲ್ಲಿ, ಜೊತೆಗಾರನ ಪ್ರಾಣವನ್ನು ಹಿಡಿದು ನಿಲ್ಲಿಸುವ ವಿದ್ಯೆ. ರಕ್ತ ಕಟ್ಟುವುದು, ಮುರಿದ ಕಾಲಿಗೆ ಕೋಲು ಕಟ್ಟುವುದು, ಎರಡು ಬಿದಿರು ಒಂದು ಕಂಬಳಿಯಲ್ಲಿ ಡೋಲಿ ಮಾಡುವುದು, ಚಳಿಗೆ ಮರಗಟ್ಟಿದವನ ಒದ್ದೆ ಬಟ್ಟೆ ಬಿಚ್ಚಿ ಒಣಗಿದ್ದನ್ನು ಹೊದಿಸುವುದು, ಎತ್ತರಕ್ಕೆ ಹೋದಾಗ ತಲೆನೋವು ವಾಂತಿ ಹಿಡಿದವನನ್ನು ಮುಂದಕ್ಕೆ ಒಯ್ಯದೆ ಕೆಳಗೆ ಇಳಿಸುವುದು, ಉಸಿರು ನಿಂತವನ ಎದೆ ಒತ್ತುವುದು. ಈ ಶಿಕ್ಷಣ ಕೊಡುವವರು 'ಕಾಡು' ಎಂಬುದಕ್ಕೆ ಒಂದು ಅರ್ಥ ಇಟ್ಟುಕೊಂಡಿದ್ದಾರೆ. ಸರಿಯಾದ ಆಸ್ಪತ್ರೆ ಎಲ್ಲಿಂದ ಒಂದು ಗಂಟೆಗಿಂತ ಹೆಚ್ಚು ದೂರವೋ ಅದು ಕಾಡು. ಮರವಿದೆಯೋ ಇಲ್ಲವೋ, ಹುಲಿಯಿದೆಯೋ ಇಲ್ಲವೋ ಎಂದು ಅವರು ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ.

ಈ ಅಳತೆಗೋಲನ್ನು ಹಿಡಿದು ಮಡಿವಾಳಕ್ಕೆ ಹೋಗೋಣ.

ನಮ್ಮ ಕಡೆಯ ವ್ಯಾಪಾರಿಗಳಿಗೆ ಮಡಿವಾಳ ಹೊಸ ಹೆಸರಲ್ಲ. ಬೆಳಗಿನ ಜಾವಕ್ಕೆ ಅಲ್ಲಿನ ಮಾರ್ಕೆಟ್ಟಿಗೆ ತರಕಾರಿ ಮೂಟೆ ಇಳಿಸಿದವರು ಬಹಳ ಮಂದಿ ಇದ್ದಾರೆ. ಅಲ್ಲಿಂದ ಹೊಸೂರು ರಸ್ತೆಯಲ್ಲಿ ಮುಂದಕ್ಕೆ ಹೋದರೆ ಬೊಮ್ಮನಹಳ್ಳಿ. ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಕ್ಕಳಲ್ಲಿ ನಮ್ಮ ಹಳ್ಳಿಗಳವರೂ ಇದ್ದಾರೆ. ರಾತ್ರಿಯಾದರೆ ಕೇರಳ, ತಮಿಳುನಾಡಿನ ಬಸ್ಸು ಹಿಡಿಯಲು ಗಂಟುಮೂಟೆಯೊಡನೆ ರಸ್ತೆಯ ಅಂಚಿನಲ್ಲಿ ನಿಂತವರ ಸಾಲು. ದೇಶದ ದುಡಿಯುವ ಜನರೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಹಾದುಹೋಗುವ ದಾರಿ ಅದು.

ಇನ್ನು ಆಸ್ಪತ್ರೆಗಳಿಗೆ ಬರವೆ? 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಅದರ ದೊಡ್ಡ ಆಸ್ಪತ್ರೆ, ಮಡಿವಾಳದ ಮಗ್ಗುಲಲ್ಲೇ ಇವೆ. ತಲೆಗೆ ಪೆಟ್ಟಾದರೆ ಅದೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಎದೆನೋವಾದರೆ ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇದೆ. ನಮ್ಮ ಊರಿನ ರೋಗಿಗಳು ರಾತ್ರಿಯಿಡೀ ಪಯಣಿಸಿ ತಲುಪುವ ಆಸ್ಪತ್ರೆಗಳು ಮಡಿವಾಳದವರಿಗೆ ನೆರೆಮನೆ. ಆದರೆ ಸಾಯಂಕಾಲ ಆರು ಗಂಟೆಗೆ ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತು ನೋಡಿದವರಿಗೆ ಆ ನೆರೆಮನೆ ಎಷ್ಟು ದೂರ ಎಂಬುದು ಗೊತ್ತು. ಒಂದು ಮೈಲಿಗೆ ಅರ್ಧ ಗಂಟೆ ತೆತ್ತವರನ್ನು ನಾವು ಬಲ್ಲೆವು. 2025ರ ಆಗಸ್ಟಿನಲ್ಲಿ ಆ ದಾರಿಯಲ್ಲಿ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು, ಒಳ್ಳೆಯದೇ ಆಯಿತು. ಆದರೆ ಆಂಬುಲೆನ್ಸು ಮೆಟ್ರೋ ಹತ್ತುವುದಿಲ್ಲವಲ್ಲ.

ನಿಂತ ಹೃದಯಕ್ಕೆ ಅರ್ಧ ಗಂಟೆಯ ಲೆಕ್ಕವೇ ಇಲ್ಲ. ರಕ್ತ ಸಿಗದೆ ನಾಲ್ಕಾರು ನಿಮಿಷ ಕಳೆದರೆ ಮಿದುಳು ಕೆಡಲು ಆರಂಭ. ಯಾರೂ ಎದೆ ಒತ್ತದೆ ಹೋದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಆದುದರಿಂದ ಮಡಿವಾಳದ ಮಾರ್ಕೆಟ್ಟೂ ಕಾಡೇ, ಹೊಸೂರು ರಸ್ತೆಯ ಕಾರ್ಖಾನೆಯ ಮೂರನೆಯ ಮಹಡಿಯೂ ಕಾಡೇ. ದೊಡ್ಡ ಆಸ್ಪತ್ರೆಗಳ ನೆರಳಿನಲ್ಲಿರುವವರ ಪಾಡೇ ಇದಾದರೆ ಜಿಲ್ಲಾ ಕೇಂದ್ರದ ನಾವು ಎಷ್ಟರವರು? ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳಿಂದ ಬಸುರಿಯರನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಇತ್ತೀಚಿನ ವರ್ಷಗಳಲ್ಲೂ ಪತ್ರಿಕೆಗಳಲ್ಲಿ ಬಂದಿದೆ.

ಬೆಟ್ಟ ಹತ್ತುವವರ ಈ ವಿದ್ಯೆ ಈಗ ಹೆಚ್ಚಾಗಿ ಹಣ ಕಟ್ಟಿ ಕಲಿಯುವ ವಿದ್ಯೆಯಾಗಿದೆ. ಶನಿವಾರ, ಭಾನುವಾರ ಬಿಡುವಿದ್ದವರು, ಕಂಪನಿಯೇ ಶುಲ್ಕ ತೆರುವವರು ಹೋಗಿ ಕಲಿಯುತ್ತಾರೆ. ಕಲಿಯಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ನಾವು ಹೇಳುವುದಿಷ್ಟೆ: ಈ ವಿದ್ಯೆ ಮೊದಲು ಕಾರ್ಮಿಕರದು. ಅವರಿಂದಲೇ, ಅವರ ಮೈಮೇಲೆಯೇ ಬೆಳೆದದ್ದು.

ಇದು ಬರಿಯ ಅಭಿಮಾನದ ಮಾತಲ್ಲ, ಚರಿತ್ರೆಯನ್ನು ನೋಡಬಹುದು. 1877ರಲ್ಲಿ ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ ಹುಟ್ಟಿತು. ಮರುವರ್ಷ ವೂಲ್ವಿಚ್ ಎಂಬಲ್ಲಿ ಪೀಟರ್ ಶೆಫರ್ಡ್ ಎಂಬ ಸೈನ್ಯದ ವೈದ್ಯ ಸಾಮಾನ್ಯ ಜನರಿಗೆ ಪ್ರಥಮ ಚಿಕಿತ್ಸೆಯ ಪಾಠ ಹೇಳಿದ. ಆ ತರಗತಿಗಳು ಬೇಗ ಹಬ್ಬಿದ್ದು ಎಲ್ಲಿ? ಕಲ್ಲಿದ್ದಲ ಗಣಿಗಳಲ್ಲಿ, ರೈಲ್ವೆಯಲ್ಲಿ, ಕಾರ್ಖಾನೆ ಊರುಗಳಲ್ಲಿ. ಏಕೆಂದರೆ ಕೈಕಾಲು ಕಳೆದುಕೊಳ್ಳುತ್ತಿದ್ದವರು ಅಲ್ಲಿನವರೇ.

ಎದೆ ಒತ್ತಿ ಹೃದಯ ನಡೆಸುವ ವಿಧಾನ ಬಂದದ್ದು 1960ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಿಂದ. ಅದನ್ನು ಲೋಕಕ್ಕೆ ತಿಳಿಸಿದ ಮೂವರಲ್ಲಿ ಹಿರಿಯನಾದ ಕೌವೆನ್‌ಹೋವನ್ ವೈದ್ಯನೇ ಅಲ್ಲ, ವಿದ್ಯುತ್ ಇಂಜಿನಿಯರು. ಕಂಬ ಹತ್ತಿದ ಲೈನ್‌ಮನ್ನರು ಶಾಕ್ ಹೊಡೆದು ಸಾಯುತ್ತಿದ್ದರು. ಅವರನ್ನು ಉಳಿಸುವುದು ಹೇಗೆಂದು ಹುಡುಕುತ್ತ ಅವನು ಈ ಕೆಲಸಕ್ಕೆ ಇಳಿದದ್ದು. ಅದೇ ವರ್ಷ ನಾರ್ವೆಯ ಸ್ಟಾವಂಗರ್ ಊರಿನ ಆಟಿಕೆ ತಯಾರಕ ಲೆರ್ಡಾಲ್ ಈ ವಿದ್ಯೆ ಕಲಿಸಲೆಂದು ಮನುಷ್ಯಾಕಾರದ ಬೊಂಬೆಯೊಂದನ್ನು ಮಾಡಿದ. ಇಂದು ಲೋಕದಲ್ಲಿ ಯಾರು ಎಲ್ಲಿ ಈ ತರಬೇತಿ ಪಡೆದರೂ ಅಂಥ ಬೊಂಬೆಯ ಎದೆಯ ಮೇಲೆಯೇ ಕೈ ಇಡುತ್ತಾರೆ. ಬೊಂಬೆ ಮಾರುತ್ತಿದ್ದ ವ್ಯಾಪಾರಿಯೊಬ್ಬನ ಕೊಡುಗೆ ಇದು ಎಂಬುದನ್ನು ನಮ್ಮ ಅಂಗಡಿ ಮಿತ್ರರು ಗಮನಿಸಬೇಕು.

ಎತ್ತರದ ಬೆಟ್ಟಗಳ ಕಾಯಿಲೆಯ ವಿಷಯ ಇಂದು ಲೋಕಕ್ಕೆ ಗೊತ್ತಿರುವುದರಲ್ಲಿ ನಮ್ಮ ಸೈನಿಕರ ಪಾಲು ದೊಡ್ಡದು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ರೈತರ ಮಕ್ಕಳನ್ನು ವಿಮಾನದಲ್ಲಿ ತಂದು ಹಿಮಾಲಯದ ಎತ್ತರದಲ್ಲಿ ಇಳಿಸಿದರು. ಶತ್ರುವಿನ ಗುಂಡು ತಾಗುವ ಮೊದಲೇ ಶ್ವಾಸಕೋಶದಲ್ಲಿ ನೀರು ತುಂಬಿ ಮಲಗಿದವರುಂಟು. ಸೈನ್ಯದ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇಂಥ 1925 ಸೈನಿಕರನ್ನು ಪರೀಕ್ಷಿಸಿ ಬರೆದ ಲೇಖನ 1969ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಇಂದಿನ ಚಾರಣಿಗರಿಗೆ 'ನಿಧಾನವಾಗಿ ಹತ್ತಿ, ತಲೆನೋವಾದರೆ ನಿಲ್ಲಿ, ಹೆಚ್ಚಾದರೆ ಇಳಿಯಿರಿ' ಎಂದು ಹೇಳುವ ಪಾಠದ ಹಿಂದೆ ಆ ಸೈನಿಕರಿದ್ದಾರೆ.

ಎಲ್ಲಕ್ಕಿಂತ ನಮ್ಮ ಮನಸ್ಸಿಗೆ ನಾಟಿದ್ದು ಪಿಟ್ಸ್‌ಬರ್ಗಿನ ಕಥೆ. ಅದು ಉಕ್ಕಿನ ಕಾರ್ಖಾನೆಗಳ ಊರು. 1960ರ ದಶಕದಲ್ಲಿ ಅಲ್ಲಿ ಯಾರಾದರೂ ಕುಸಿದು ಬಿದ್ದರೆ ಪೋಲೀಸರ ವ್ಯಾನು ಬಂದು ಎತ್ತಿಹಾಕಿಕೊಂಡು ಹೋಗುತ್ತಿತ್ತು. ಕರಿಯರ ಕೇರಿಗೆ ಅದೂ ನಿಧಾನವಾಗಿ ಬರುತ್ತಿತ್ತು. ಅಲ್ಲಿದ್ದ ಪೀಟರ್ ಸಾಫರ್ ಎಂಬ ವೈದ್ಯ, ಬಾಯಿಯಿಂದ ಉಸಿರು ಕೊಡುವ ಕ್ರಮವನ್ನು ಶಾಸ್ತ್ರೀಯವಾಗಿ ಸ್ಥಾಪಿಸಿದವನು, 1966ರಲ್ಲಿ ತನ್ನ ಮಗಳನ್ನೇ ಉಬ್ಬಸದಿಂದ ಕಳೆದುಕೊಂಡಿದ್ದ. ಮರುವರ್ಷ ಆ ಕರಿಯರ ಕೇರಿಯಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ ಗಂಡಸರನ್ನು ಸೇರಿಸಿ 'ಫ್ರೀಡಂ ಹೌಸ್' ಆಂಬುಲೆನ್ಸ್ ಸೇವೆ ಆರಂಭವಾಯಿತು. ಶಾಲೆ ಮುಗಿಸದವರೂ ಅವರಲ್ಲಿದ್ದರು. ಸುಮಾರು 300 ಗಂಟೆಗಳ ಪಾಠವನ್ನು ಸಾಫರ್ ಕೊಡಿಸಿದ. ದೊಡ್ಡ ಆಸ್ಪತ್ರೆಯೊಳಗೆ ಮಾತ್ರ ಆಗುತ್ತಿದ್ದ ಕೆಲಸವನ್ನು ಅವರು ಬೀದಿಯಲ್ಲಿ, ಓಡುವ ಗಾಡಿಯಲ್ಲಿ ಮಾಡಿ ತೋರಿಸಿದರು. ನ್ಯಾನ್ಸಿ ಕ್ಯಾರೊಲಿನ್ ಎಂಬ ವೈದ್ಯೆ ಅವರೊಡನೆ ದುಡಿದು, ಆ ದೇಶದ ಆಂಬುಲೆನ್ಸ್ ಸಿಬ್ಬಂದಿಗೆಲ್ಲ ಪಠ್ಯಪುಸ್ತಕ ಬರೆದಳು. ಕೊನೆಗೆ ಏನಾಯಿತು? 1975ರಲ್ಲಿ ನಗರಸಭೆ ತನ್ನದೇ ಸೇವೆ ಆರಂಭಿಸಿ ಇವರದನ್ನು ಮುಚ್ಚಿತು. ಹೊಸ ಸೇವೆಯಲ್ಲಿ ಬಿಳಿಯರೇ ತುಂಬಿದರು. ಬಡವರು ಕಟ್ಟಿದ್ದು ಉಳ್ಳವರ ಕೈಗೆ ಹೋಗುವ ಬಗೆಯನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಇನ್ನು ನಮ್ಮ ಊರಿನ ಮಾತು. ಇಲ್ಲಿನ ಒಂದು ಗಿರಣಿಯಲ್ಲಿ, ಹೆಸರು ಬೇಡ, ಕೆಲವು ವರ್ಷಗಳ ಹಿಂದೆ ರಾತ್ರಿ ಪಾಳಿಯಲ್ಲಿ ಐವತ್ತರ ಹತ್ತಿರದ ಕಾರ್ಮಿಕನೊಬ್ಬ ಯಂತ್ರದ ಪಕ್ಕದಲ್ಲೇ ಕುಸಿದ. ಸುತ್ತ ಹದಿನೈದು ಮಂದಿ ಸೇರಿದರು. ಒಬ್ಬ ಗಾಳಿ ಬೀಸಿದ, ಒಬ್ಬ ಅಂಗಾಲು ಉಜ್ಜಿದ, ಒಬ್ಬ ಓಡಿಹೋಗಿ ಸೋಡಾ ತಂದು ಬಾಯಿಗೆ ಹಾಕಿದ. ಗೋಡೆಯ ಮೇಲೆ ಕೆಂಪು ಗುರುತಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ತು, ಬೀಗ ಹಾಕಿತ್ತು. ಬೀಗದ ಕೈ ಟೈಂಕೀಪರರ ಬಳಿ, ಟೈಂಕೀಪರರು ಮನೆಯಲ್ಲಿ. ಬೀಗ ಒಡೆದು ನೋಡಿದರೆ ಒಳಗೆ ಅರ್ಧ ಬಾಟಲಿ ಟಿಂಚರು, ಒಂದು ಉಂಡೆ ಹತ್ತಿ, ಹಳೆಯ ಹಾಜರಿ ಪುಸ್ತಕ. ಆಟೋ ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಮರುದಿನ ನಾವು ಅವರ ಮನೆಗೆ ಹೋಗಿದ್ದೆವು. ಹೆಂಡತಿ ಕೇಳಿದ ಮಾತು ಒಂದೇ: "ಅಷ್ಟು ಜನ ಇದ್ದರಲ್ಲಣ್ಣ?"

ಆ ಪೆಟ್ಟಿಗೆ ತೆರೆದೇ ಇದ್ದರೂ ಆತ ಉಳಿಯುತ್ತಿದ್ದನೆಂದು ನಾವು ಹೇಳಲಾರೆವು. ಅವನಿಗೆ ಬೇಕಾಗಿದ್ದದ್ದು ಅದರೊಳಗೆ ಇರಲಿಲ್ಲ. ಎದೆಯ ನಡುವೆ ಎರಡು ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಬಾಗಿಸದೆ, ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತ ಇರಬೇಕಾಗಿತ್ತು. ಒಬ್ಬ ಎರಡು ನಿಮಿಷಕ್ಕೇ ಸೋಲುತ್ತಾನೆ, ಆಗ ಇನ್ನೊಬ್ಬ ಬರಬೇಕು. ಹದಿನೈದು ಮಂದಿ ಇದ್ದರು, ಮೂವತ್ತು ಕೈಗಳಿದ್ದವು. ಕಲಿಸಿದವರು ಯಾರೂ ಇರಲಿಲ್ಲ. ಬಾಯಿಗೆ ಬಾಯಿ ಇಡಲು ಸಂಕೋಚವಾದರೆ ಬೇಡ, ಆಸ್ಪತ್ರೆಯ ಹೊರಗೆ ಸಾಮಾನ್ಯರು ಎದೆಯನ್ನಷ್ಟೇ ಒತ್ತಿದರೂ ಸಾಕು ಎಂದು ಭಾರತದ ಅರಿವಳಿಕೆ ತಜ್ಞರೇ 2017ರಲ್ಲಿ ಹೇಳಿದ್ದಾರೆ. ಕೆಲಸ ಅಷ್ಟು ಸರಳವಾಗಿದೆ.

ನಮ್ಮ ಜನಕ್ಕೆ ದಯೆ ಕಡಿಮೆಯೆಂದು ಯಾರೂ ಹೇಳುವಂತಿಲ್ಲ. ಅಪಘಾತವಾದಲ್ಲಿ ಮೊದಲು ಓಡಿ ಬರುವವನು ಪಕ್ಕದ ಅಂಗಡಿಯವನು, ತಳ್ಳುಗಾಡಿಯವನು. ಆದರೆ ದಯೆಗೆ ಕೈಕೆಲಸ ಗೊತ್ತಿರಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸುಟ್ಟ ಗಾಯಕ್ಕೆ ಇಂಕು, ಹಲ್ಲಿನ ಪೇಸ್ಟು ಬಳಿಯುತ್ತೇವೆ, ಬೇಕಾದದ್ದು ಇಪ್ಪತ್ತು ನಿಮಿಷ ತಣ್ಣೀರಿನ ಧಾರೆ. ಹಾವು ಕಚ್ಚಿದರೆ ಕೊಯ್ದು ರಕ್ತ ಹೀರುತ್ತೇವೆ, ಹಗ್ಗ ಬಿಗಿಯುತ್ತೇವೆ. ಎರಡೂ ತಪ್ಪು, ಆ ಅಂಗವನ್ನು ಅಲುಗಾಡಿಸದೆ ಔಷಧಿಯಿರುವ ಆಸ್ಪತ್ರೆಗೆ ಒಯ್ಯಬೇಕು. (2024ರಲ್ಲಿ ನಮ್ಮ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ, ಹೇಳಲೇಬೇಕು.) ಮೂರ್ಛೆ ಬಂದವನ ಕೈಗೆ ಕಬ್ಬಿಣದ ಬೀಗದ ಕೈ ತುರುಕುತ್ತೇವೆ. ಅವನನ್ನು ಮಗ್ಗುಲಿಗೆ ಮಲಗಿಸಿ ತಲೆಗೆ ಪೆಟ್ಟಾಗದಂತೆ ನೋಡಿಕೊಂಡರೆ ಸಾಕು. ಬೀಗದ ಕೈ ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಬೇಡದ ಕೈಗೆ ಮಾತ್ರ ಬರುತ್ತದೆ!

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯ 45ನೆಯ ಕಲಮು, 150 ಕೆಲಸಗಾರರಿಗೆ ಒಂದಕ್ಕೆ ಕಡಿಮೆಯಿಲ್ಲದಂತೆ ಪೆಟ್ಟಿಗೆ ಇರಬೇಕೆಂದಿತು. ಅಷ್ಟೇ ಅಲ್ಲ, ಒಂದೊಂದು ಪೆಟ್ಟಿಗೆಯೂ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಇರುವ ಒಬ್ಬ ಜವಾಬ್ದಾರಿ ಮನುಷ್ಯನ ವಶದಲ್ಲಿರಬೇಕು, ಕೆಲಸದ ಹೊತ್ತಿನಲ್ಲೆಲ್ಲ ಅವನು ಕೈಗೆ ಸಿಗುವಂತಿರಬೇಕು ಎಂದಿತು. 500 ಮಂದಿ ಮೀರಿದರೆ ಆಂಬುಲೆನ್ಸ್ ಕೊಠಡಿ. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿತು. ಪೆಟ್ಟಿಗೆಯ ಮಾತು, ಕೊಠಡಿಯ ಮಾತು ಅದರಲ್ಲೂ ಇವೆ. ಉಳಿದ ವಿವರ ಸರಕಾರಗಳು ಬರೆಯುವ ನಿಯಮಗಳಿಗೆ ಸೇರಿದ್ದು. ಪೆಟ್ಟಿಗೆಯ ಪಕ್ಕದಲ್ಲಿ ಕಲಿತ ಮನುಷ್ಯನೂ ಇರಬೇಕೆಂಬ ಆ ಹಳೆಯ ಮಾತು ನಿಯಮಗಳಲ್ಲಿ ಒಂದಕ್ಷರವೂ ಸಡಿಲಾಗದೆ ನಿಲ್ಲಬೇಕು. ಕಾರ್ಮಿಕ ಸಂಘಗಳು ಇಲ್ಲಿ ಕಣ್ಣಿಡಬೇಕು. ಬೋನಸ್ಸಿನ ಮಾತು ಬಂದಾಗ ಇರುವ ಎಚ್ಚರ ಇಂಥ ಕಡೆ ನಮ್ಮವರಿಗೆ ಇರುವುದಿಲ್ಲ.

ಪೋಲೀಸರ ಭಯ ಬೇರೆ ಇದೆ. ರಸ್ತೆಯಲ್ಲಿ ಬಿದ್ದವನನ್ನು ಮುಟ್ಟಿದರೆ ಸಾಕ್ಷಿ ಹೇಳುತ್ತ ಕೋರ್ಟು ಅಲೆಯಬೇಕು ಎಂಬ ಹೆದರಿಕೆ. ಅಂಗಡಿಕಾರರಿಗೆ ಇದು ಹೆಚ್ಚು, ಅವರ ಅಂಗಡಿ ಅಲ್ಲೇ ಇರುತ್ತದಲ್ಲ. ಈ ಭಯಕ್ಕೆ ಈಗ ಆಧಾರವಿಲ್ಲ. ನೆರವಾದವನನ್ನು ಪೀಡಿಸಬಾರದೆಂದು 2016ರಲ್ಲಿ ಸುಪ್ರೀಂ ಕೋರ್ಟು ಕಟ್ಟಪ್ಪಣೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವು ಕೊಟ್ಟವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ.

108 ಇದೆಯಲ್ಲ ಎನ್ನುವವರಿದ್ದಾರೆ. 2008ರ ನವೆಂಬರ್ 1ರಿಂದ ನಮ್ಮ ರಾಜ್ಯದಲ್ಲಿ ಆ ಗಾಡಿ ಓಡುತ್ತಿದೆ, ಎಷ್ಟೋ ಬಡವರ ಪ್ರಾಣ ಉಳಿಸಿದೆ. ಆದರೆ ಗಾಡಿ ಬರುವವರೆಗಿನ ನಿಮಿಷಗಳು ಯಾರ ಲೆಕ್ಕಕ್ಕೆ? ಅವು ಪಕ್ಕದಲ್ಲಿ ನಿಂತವರ ಲೆಕ್ಕಕ್ಕೆ.

ನಮ್ಮ ಸಂಗಾತಿಗಳಲ್ಲೇ ಒಬ್ಬರು ಆಕ್ಷೇಪವೆತ್ತಿದ್ದಾರೆ. ಹೀಗೆ ಕಾರ್ಮಿಕರಿಗೇ ವೈದ್ಯ ಹೊರಿಸಿದರೆ ಸರಕಾರ ಆಸ್ಪತ್ರೆ ಕಟ್ಟುವ ಹೊಣೆಯಿಂದ ಜಾರಿಕೊಳ್ಳುತ್ತದೆ ಎಂದು. ಆಕ್ಷೇಪ ತೂಕದ್ದೇ. ಆದರೆ ಎದೆ ಒತ್ತುವವನು ಕೊಳ್ಳುವುದು ಕೆಲವು ನಿಮಿಷಗಳನ್ನು ಮಾತ್ರ. ಆ ನಿಮಿಷಗಳ ತುದಿಯಲ್ಲಿ ಡಾಕ್ಟರು, ಯಂತ್ರ, ಔಷಧಿ ಇರದಿದ್ದರೆ ಅವನ ಬೆವರು ಮಣ್ಣುಪಾಲು. ಹಾಗೆ ಬೆವರು ಸುರಿಸಿದವನು ಆಂಬುಲೆನ್ಸು ಏಕೆ ತಡವಾಯಿತೆಂದು ಗಡಿಯಾರ ಹಿಡಿದು ಕೇಳುತ್ತಾನೆ. ಅಂಥ ಸಾವಿರ ಮಂದಿ ಒಂದು ಊರಿನಲ್ಲಿದ್ದರೆ ಅಧಿಕಾರಿಗಳಿಗೆ ನಿದ್ದೆ ಕಷ್ಟ.

ನಾವು ಹೆಚ್ಚು ಅಂಜುವುದು ಬೇರೊಂದಕ್ಕೆ. ಮಾಲೀಕರು ಒಪ್ಪಿಕೊಂಡು, ಒಂದು ಮಧ್ಯಾಹ್ನ ಬ್ಯಾನರು ಕಟ್ಟಿ, ಭಾಷಣ ಮಾಡಿ, ಫೋಟೋ ಹಿಡಿಸಿ, ಎಲ್ಲರಿಗೂ ಸರ್ಟಿಫಿಕೇಟು ಹಂಚಿ ಮುಗಿಸಿಬಿಡುವುದಕ್ಕೆ. ಈ ವಿದ್ಯೆ ಕಿವಿಯಿಂದ ಬರುವುದಿಲ್ಲ. ಒಬ್ಬೊಬ್ಬರೂ ಬೊಂಬೆಯ ಎದೆಯನ್ನು ತೋಳು ನೋಯುವವರೆಗೆ ಒತ್ತಬೇಕು, ಎರಡು ವರ್ಷಕ್ಕೊಮ್ಮೆಯಾದರೂ ಮತ್ತೆ ಕಲಿಯಬೇಕು. ಸಂಬಳದ ಹೊತ್ತಿನಲ್ಲೇ ಕಲಿಸಬೇಕು, ವಾರದ ರಜೆಯನ್ನು ತಿಂದು ಅಲ್ಲ. ರಾತ್ರಿ ಪಾಳಿಗೂ ಕಲಿತವರು ಬೇಕು, ಹೆಂಗಸರ ವಿಭಾಗದಲ್ಲಿ ಹೆಂಗಸರೇ ಬೇಕು. ಮಡಿವಾಳದಂಥ ಕಡೆ ಮಾರ್ಕೆಟ್ಟಿನ ಹಮಾಲರಿಗೆ, ರಾತ್ರಿ ಬಸ್ಸುಗಳ ಚಾಲಕರಿಗೆ, ಕ್ಲೀನರುಗಳಿಗೆ ಮೊದಲು ಕಲಿಸಬೇಕು. ಘಾಟಿಯ ನಡುರಾತ್ರಿಯಲ್ಲಿ ಬಸ್ಸು ಉರುಳಿದರೆ ನಲವತ್ತು ಪ್ರಯಾಣಿಕರಿಗೆ ಅವರೇ ವೈದ್ಯರು. ಸಾಹಸಕ್ರೀಡೆಗಾಗಿ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ಅಕಾಡೆಮಿ ನಡೆಸಬಲ್ಲ ಸರಕಾರಕ್ಕೆ, ಜಿಲ್ಲೆಗೊಂದು ಕಲಿಸುವ ತಂಡ ಮತ್ತು ಹತ್ತಿಪ್ಪತ್ತು ಬೊಂಬೆ ಇಡುವುದು ಅಸಾಧ್ಯವೆ?

ಕೇಳಿದರೆ ಕೊಡುತ್ತಾರೆಯೆ ಎಂದು ಅಧೈರ್ಯಪಡುವವರು 2016ರ ಏಪ್ರಿಲ್ ತಿಂಗಳನ್ನು ನೆನೆಯಬೇಕು. ಪ್ರಾವಿಡೆಂಟ್ ಫಂಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರಕಾರ ನಿಯಮ ಮಾಡಿತ್ತು. 18ರಂದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕನ ಕರೆಗೂ ಕಾಯದೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಇಳಿದರು. ಮರುದಿನ ಸಾಯಂಕಾಲದೊಳಗೆ ದೆಹಲಿ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಈ ವಾರ ವಾಚಕರಿಗೆ ನಮ್ಮದೊಂದು ಕೋರಿಕೆ. ನಾಳೆ ಪಾಳಿಗೆ ಹೋದಾಗ ನಿಮ್ಮ ಖಾತೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಒಳಗೆ ಏನಿದೆ, ಅದರ ಹೊಣೆ ಹೊತ್ತವರು ಯಾರು, ಅವರು ಎದೆ ಒತ್ತಲು ಕಲಿತದ್ದು ಯಾವಾಗ, ರಾತ್ರಿ ಪಾಳಿಯಲ್ಲಿ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ವಿಚಾರಿಸಿ ನಮ್ಮ ಕಚೇರಿಗೆ ಒಂದು ಕಾರ್ಡು ಬರೆಯಿರಿ. ಗಿರಣಿಯ ಹೆಸರು ಹಾಕಿ, ನಿಮ್ಮ ಹೆಸರು ಬೇಡ. ಬಂದ ಕಾರ್ಡುಗಳನ್ನು ಒಟ್ಟುಮಾಡಿ ಕಾರ್ಖಾನೆ ಇನ್‌ಸ್ಪೆಕ್ಟರರ ಮೇಜಿನ ಮೇಲೆ ನಾವೇ ಇಟ್ಟು ಬರುತ್ತೇವೆ.